ಮೂರನೇ ಹಾಡಿನ ಟಕಟಕ

ಕಣ್ಣಿನ ಡಾಕ್ಟರ ಬಳಿ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ಇಬ್ಬರು. ಒಬ್ಬರು ಟೈಲರಮ್ಮ, ಅಳತೆ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು. ಇನ್ನೊಬ್ಬರು ನಿವೃತ್ತ ಟೀಚರು. ಒಂದು ತಿಂಗಳು ಏನೂ ಓದಬಾರದು ಎಂದು ಡಾಕ್ಟರು ಹೇಳಿದ್ದರಂತೆ.

“ಓದದೆ ಹೊತ್ತು ಹೋಗೋದು ಹೇಗೆ? ಒಳ್ಳೇ ಹಾಡಿದ್ರೆ ಹೇಳಿ.”

“ಒಂದು ಆಲ್ಬಮ್ ಇದೆ, ಎಂಟು ಹಾಡು. ಕೆಲಸ ಮಾಡ್ತಾ ಕೇಳ್ಬೇಡಿ, ಕೂತು ಕೇಳಿ. ಮೊದಲಿಂದ, ಒಂದೊಂದಾಗಿ.”

“ಯಾರು ಹಾಡಿರೋದು?”

“ಯಾರೋ ಹೊಸ ಹುಡುಗಿ.”

ಟೀಚರು ತಮ್ಮ ಫೋನಿನಲ್ಲಿ ಅದನ್ನು ಹುಡುಕಿಸಿಕೊಂಡು ಇಯರ್‌ಫೋನ್ ಸಿಕ್ಕಿಸಿಕೊಂಡರು.

“ಸೀದಾ ಮೂರನೇದಕ್ಕೆ ಹೋಗಿ.”

“ಈಗ ತಾನೇ ಒಂದೊಂದಾಗಿ ಅಂದ್ರಿ!”

“ಇದೊಂದ್ಸಲ ಪರವಾಗಿಲ್ಲ.”

ಸ್ವಲ್ಪ ಹೊತ್ತಿಗೆ ಟೀಚರು ಹುಬ್ಬು ಗಂಟಿಕ್ಕಿದರು. “ಹಿಂದೆ ಏನೋ ಟಕಟಕ ಅಂತಿದೆಯಲ್ಲ? ಡ್ರಮ್ಮೂ ಅಲ್ಲ.”

“ಹೊಲಿಗೆ ಮೆಷಿನ್ನು. ಅವತ್ತು ಇಪ್ಪತ್ತು ಯೂನಿಫಾರಂ ಕೊಡೋದಿತ್ತು. ಪಕ್ಕದ ರೂಮಲ್ಲಿ ರೆಕಾರ್ಡಿಂಗ್ ಶುರುವಾಗಿದ್ದೇ ಗೊತ್ತಾಗ್ಲಿಲ್ಲ. ಗೊತ್ತಾದ ತಕ್ಷಣ ನಿಲ್ಲಿಸ್ಬಿಟ್ಟೆ. ಒಳಗಿಂದ ಕೂಗಿದ್ಲು, ‘ಅಮ್ಮಾ, ಯಾಕೆ ನಿಲ್ಲಿಸಿದೆ? ಹೊಲಿ!’ ಅಂತ.”

ಟೀಚರು ಅವರನ್ನೇ ನೋಡಿದರು. “ಯಾರೋ ಹುಡುಗಿ ಅಂದ್ರಲ್ಲ?”

“ಮಗಳು ಅಂದಿದ್ರೆ ನೀವು ಮುಲಾಜಿಗೆ ಚೆನ್ನಾಗಿದೆ ಅಂತಿದ್ರಿ.”

ಟೀಚರು ಕಣ್ಣು ಮುಚ್ಚಿಕೊಂಡರು. ನರ್ಸು ಬಾಗಿಲಿಂದ ಒಮ್ಮೆ ಕರೆದಳು. ಆಮೇಲೆ ಹತ್ತಿರ ಬಂದು ಭುಜ ಮುಟ್ಟಿದಳು.

“ಒಂದ್ನಿಮಿಷ ಇರಮ್ಮ,” ಎಂದರು ಟೀಚರು. “ಇವರು ಇನ್ನೂ ಹೊಲೀತಿದ್ದಾರೆ.”

ಹಾಡು ಮುಗಿದ ಮೇಲೆಯೇ ಅವರು ಎದ್ದು ಒಳಗೆ ಹೋದದ್ದು.