ಟವಲ್ ಹಾಸಿ ಬಾರಿಸಿದ ಡ್ರಮ್ಮು

“ಮೆತ್ತಗೆ ಬಾರ್ಸೋರು ಈ ಪರ್ಪಂಚದಲ್ಲಿ ಒಬ್ರೂ ಇಲ್ವಾ?”

ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡಿದ್ದ ಯುವಕ ಯಾರನ್ನೂ ನೋಡದೆ ಕೇಳಿದ. ಪಕ್ಕದ ಬೆಂಚಿನಲ್ಲಿ ಜಪ ಮಾಡುತ್ತಿದ್ದ ಲಲಿತಮ್ಮನ ಕಿವಿ ಅತ್ತ ಹೊರಳಿತು.

“ಏನಾಯ್ತ್ಲಾ ಯೋಗೇಶ?” ಎಂದರು ಜೊತೆಗಿದ್ದ ಹಿರಿಯರು. ಅವರ ಬಲಗೈ ಬಲವಿಲ್ಲದೆ ಜೋತುಬಿದ್ದಿತ್ತು.

“ಈ ಮ್ಯೂಸಿಕ್‌ನ ನಾಳೆ ಸಿನಿಮಾದೋರ್ಗೆ ಕಳಿಸ್ಬೇಕು ಮಾವ. ಕಂಪ್ಯೂಟರ್‌ನಲ್ಲಿರೋ ಫಾರಿನ್ ಡ್ರಮ್ಮು ಯಾವ್ದು ಹಾಕಿದ್ರೂ ಪಿಟೀಲೆಲ್ಲಾ ಮುಳುಗೋಯ್ತವೆ. ತಡಿ, ನಿನ್ ಕೈ ಚೆನ್ನಾಗಿದ್ದಾಗ ಒಂದೊಂದೇ ಏಟು ರೆಕಾರ್ಡ್ ಮಾಡ್ಕಂಡಿದ್ನಲ್ಲ, ಅದ್ನ ಹಾಕ್ತೀನಿ.”

“ಗಣಪತಿ ಪೆಂಡಾಲ್‌ನಲ್ಲಿ ಡ್ರಮ್ಮು ಗುದ್ದಿದೋನು ಕಣ್ಲಾ ನಾನು!”

“ಅದಲ್ಲ. ಅತ್ತೆ ಎದ್ದ್‌ಬುಡ್ತಾಳೆ ಅಂತ ಟವಲ್ ಹಾಸಿ ಬಾರಿಸ್ತಿದ್ದಲ್ಲ, ಅದು.”

ಯೋಗೇಶ ಗುಂಡಿ ಒತ್ತಿದ. ಲ್ಯಾಪ್‌ಟಾಪಿನಿಂದ ಪಿಟೀಲುಗಳು ಎದ್ದವು. ಅವುಗಳ ಅಡಿಯಲ್ಲಿ ಡ್ರಮ್ಮು ಮೆಲ್ಲಗೆ ನಡೆಯತೊಡಗಿತು. ಭಾರತ ಓದುವಾಗ ಅಪ್ಪ ದನಿ ತಗ್ಗಿಸಿದರೆ ಕೂತವರೆಲ್ಲ ಮುಂದಕ್ಕೆ ಬಾಗುತ್ತಿದ್ದದ್ದು ಲಲಿತಮ್ಮನಿಗೆ ನೆನಪಾಯಿತು. ಜಪ ನಿಂತೇಹೋಗಿತ್ತು.

ಹಿರಿಯರು ಎಡಗೈಯಲ್ಲಿ ಕಣ್ಣೊರೆಸಿಕೊಂಡರು.

“ಕೈ ಹೋಯ್ತು ಅಂದ್ಕಂಡಿದ್ದೆ. ಉಳಿಸ್ಕೊಟ್ಯಲ್ಲೋ. ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ.”

“ಈಗ ನನ್ನ ಉಳಿಸ್ದೋನು ನೀನು ಮಾವ.”

“ಆದ್ರೆ ಸಿನಿಮಾದ ದೊಡ್ಡೋರು ಕೇಳೋದು ಇದು. ನನ್ ಮೇಲಿನ ಪ್ರೀತಿಗೆ ನಿನ್ ಕೆಲ್ಸ ಕೆಡಿಸ್ಕಬ್ಯಾಡ. ನಾನು ಕೇಳಿದ್ದಾಯ್ತು, ಅಷ್ಟೇ ಸಾಕು. ಇದನ್ನ ತೆಗ್ದು ಫಾರಿನ್ದೇ ಹಾಕ್ಬುಡು.”

ಕೆ.ಆರ್. ಪೇಟೆ ಬಸ್ಸು ಬಂದು ನಿಂತಿತು. ಯೋಗೇಶ ಲ್ಯಾಪ್‌ಟಾಪ್ ಮುಚ್ಚಿ, ಅವರ ಬಲಗೈಯನ್ನೇ ಹಿಡಿದು ಎಬ್ಬಿಸಿದ.

“ಪ್ರೀತಿಗಲ್ಲ ಮಾವ, ಪಿಟೀಲಿಗೆ ಇದೇ ಬೇಕು. ನಾನಂತೂ ತೆಗ್ಯಾಕಿಲ್ಲ.”