ಮೂರು ಜರಡಿಗೆ ಕಟ್ಟಿದ ಕೆಂಪು ನೂಲು

ಶಂಕರಮ್ಮ ಕೋಂ ಲೇಟ್ ವೆಂಕಟಯ್ಯ, 56 ವರ್ಷ, ಜರಡಿ ಕಟ್ಟಿ ಮಾರುವ ಕೆಲಸ, ವಾಸ ಬಸ್ ನಿಲ್ದಾಣದ ಹಿಂದಿನ ರಸ್ತೆ, ಕೊಪ್ಪ ಪಟ್ಟಣ, ಆದ ನಾನು ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ಹೇಳಿ ಬರೆಸುವುದೇನೆಂದರೆ:

ನಾನು ಇಪ್ಪತ್ತೆರಡು ವರ್ಷಗಳಿಂದ ಮೇಲ್ಕಂಡ ವಿಳಾಸದಲ್ಲಿ ಜರಡಿ ಅಂಗಡಿ ನಡೆಸಿಕೊಂಡಿರುತ್ತೇನೆ. ಹಿಟ್ಟಿನ ಜರಡಿ, ಕಾಫಿಪುಡಿ ಜರಡಿ, ಮರಳು ಜರಡಿ, ಕಿಟಕಿಗೆ ಹೊಡೆಯುವ ಸೊಳ್ಳೆ ಬಲೆ ನನ್ನಲ್ಲಿ ಸಿಗುತ್ತವೆ. ಯಾವ ಪುಡಿ ಎಂದು ಗಿರಾಕಿ ಹೇಳಿದರೆ ಯಾವ ಬಲೆ ಬೇಕೆಂದು ನಾನು ಹೇಳುತ್ತೇನೆ. ಹೇಳದಿದ್ದರೆ ನಾನೇ ಕೇಳುತ್ತೇನೆ. ನನಗೆ ಸಂಶಯ ಜಾಸ್ತಿ ಎಂದು ಬೀದಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಗಂಡ ಸತ್ತ ಮೇಲೂ ಅಂಗಡಿ ಉಳಿದದ್ದು ಆ ಸಂಶಯದಿಂದಲೇ. ದಿನಾಂಕ 27-02-2007ರಂದು ನಾನು ಇದೇ ಠಾಣೆಯಲ್ಲಿ ಒಂದು ಹೇಳಿಕೆ ಕೊಟ್ಟಿರುತ್ತೇನೆ. ಅದರಲ್ಲಿ ಬರೆದದ್ದು ಸುಳ್ಳಲ್ಲ. ಆದರೆ ಒಂದು ಮಾತನ್ನು ಬೇಕೆಂದೇ ಹೇಳದೆ ಬಿಟ್ಟಿದ್ದೆ. ಅದರಿಂದ ವನಮಾಲಾ ಎಂಬ ಹೆಂಗಸು ಜೈಲಿನಲ್ಲಿದ್ದಾಳೆ. ಅದನ್ನು ಈಗ ಮೊದಲಿನಿಂದ ಹೇಳುತ್ತೇನೆ.

ದಿನಾಂಕ 06-02-2007ರಂದು ಬೆಳಿಗ್ಗೆ ಸುಮಾರು 10-30 ಗಂಟೆಗೆ ನನ್ನ ತಮ್ಮ ಪ್ರದೀಪ ಬಿನ್ ರಂಗಪ್ಪ, 40 ವರ್ಷ, ಮುತ್ತಿನಕೊಪ್ಪ ವಾಸಿ, ಅಂಗಡಿಗೆ ಬಂದನು. ಅವನು ನನಗಿಂತ ಹದಿನಾರು ವರ್ಷ ಚಿಕ್ಕವನು. ಅಮ್ಮ ತೀರಿಕೊಂಡಾಗ ಅವನಿಗೆ ಮೂರು ವರ್ಷ, ಸಾಕಿದವಳು ನಾನು. ಈ ವರ್ಷ ಅವನು ನೆಮ್ಮಾರಿನಲ್ಲಿ ಒಂದು ತೋಟದ ಕಾಳುಮೆಣಸಿನ ಕುಯ್ಲನ್ನು ಗುತ್ತಿಗೆ ಹಿಡಿದಿದ್ದನು. ಮೆಣಸಿನ ಧೂಳು ಬೇರ್ಪಡಿಸಲು ಮೂರು ಜರಡಿ ಬೇಕು ಎಂದನು. ನಾನು ತಂತಿಬಲೆ ತೆಗೆದು ತೋರಿಸಿದೆ. ಇದಲ್ಲ ಅಕ್ಕ, ಇನ್ನೂ ಸಣ್ಣದು ಬೇಕು ಎಂದನು. ಕಾಫಿಪುಡಿಯ ಬಲೆ ತೋರಿಸಿದೆ. ಅದನ್ನೂ ಬದಿಗೆ ಸರಿಸಿದನು. ಕೊನೆಗೆ ಲಗ್ನಪತ್ರಿಕೆ ಅಚ್ಚು ಹಾಕುವವರಿಗಾಗಿ ನಾನು ತರಿಸಿಟ್ಟಿದ್ದ ಸ್ಕ್ರೀನ್ ಬಟ್ಟೆಯ ಸುರುಳಿಯನ್ನು ಅವನೇ ಕಪಾಟಿನಿಂದ ಎಳೆದುಕೊಂಡನು. ಬಾಗಿಲಿಗೆ ಬಂದು ಬೆಳಕಿಗೆ ಹಿಡಿದು ನೋಡಿದನು. ಹೆಬ್ಬೆರಳಿನಿಂದ ಉಜ್ಜಿದನು. ನನ್ನ ಅಡುಗೆಮನೆಯಿಂದ ಒಂದು ಚಿಟಿಕೆ ಮೈದಾ ತಂದು ಬಟ್ಟೆಯ ಮೇಲೆ ಹಾಕಿ ಅಲ್ಲಾಡಿಸಿ, ಕೆಳಗೆ ಅಂಗೈ ಒಡ್ಡಿ ನೋಡಿದನು. ಹೀಗೆ ಸುಮಾರು ನಲವತ್ತು ನಿಮಿಷ ಆರಿಸಿ, ಒಂದಕ್ಕಿಂತ ಒಂದು ಸಣ್ಣ ಕಣ್ಣಿನ ಮೂರು ಬಟ್ಟೆಗಳನ್ನು ಬೇರೆ ಇಟ್ಟನು.

ಕಾಳುಮೆಣಸಿನ ಧೂಳು ಆ ಬಟ್ಟೆಯಲ್ಲಿ ಒಂದು ವಾರ ಜಾಡಿಸಿದರೂ ಇಳಿಯುವುದಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದೆ. ಇವನನ್ನು, ಉಂಡು ಹೋಗುತ್ತೀಯೋ ಇಲ್ಲವೋ ಎಂದು ಮಾತ್ರ ಕೇಳಿದೆ.

ಅದೇ ದಿನ ಮಧ್ಯಾಹ್ನ 1-00 ಗಂಟೆಯೊಳಗೆ ಮೂರನ್ನೂ ಒಂದೂವರೆ ಅಡಿ ಚೌಕದ ಮರದ ಚೌಕಟ್ಟಿಗೆ ಬಿಗಿದು ಕೊಟ್ಟೆ. ನಮ್ಮ ತವರಿನಲ್ಲಿ ಜರಡಿಯನ್ನು ಸ್ವಂತದವರ ಕೈಗೆ ಹಾಗೆಯೇ ಕೊಡುವ ಕ್ರಮವಿಲ್ಲ. ಕೊಟ್ಟರೆ ಇಬ್ಬರ ನಡುವೆ ಜಗಳ ಬರುತ್ತದೆ ಎನ್ನುತ್ತಾರೆ. ಆದ್ದರಿಂದ ಚೌಕಟ್ಟಿನ ಒಳಮೂಲೆಗೆ ಮೊಳೆ ಹೊಡೆದು ಕೆಂಪು ನೂಲು ಮೂರು ಸುತ್ತು ಸುತ್ತಿ ಗಂಟು ಹಾಕುತ್ತೇನೆ. ಪ್ರದೀಪನ ಮೂರು ಜರಡಿಗೂ ಹಾಗೆ ಕಟ್ಟಿದೆ. ಗಿರಾಕಿಗಳಿಗೆ ಕೊಡುವ ಜರಡಿಗೆ ಕಟ್ಟುವುದಿಲ್ಲ.

ದಿನಾಂಕ 12-02-2007ರಂದು ಮಧ್ಯಾಹ್ನ 2-15 ಗಂಟೆಗೆ ಸುಮಾರು ಮೂವತ್ತೆರಡು ವರ್ಷದ ಒಬ್ಬ ಹೆಂಗಸು ಬಂದಳು. ಮಾತು ಈ ಕಡೆಯದಾಗಿರಲಿಲ್ಲ. ಹೆಸರು ವನಮಾಲಾ, ಊರು ಹಾಸನದ ಹತ್ತಿರ, ಈಗ ನೆಮ್ಮಾರಿನಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ ಎಂದಳು. ಕೂವೆಪುಡಿ ಜರಡಿ ಹಿಡಿಯಲು ತೀರಾ ಸಣ್ಣ ಬಲೆ ಬೇಕು ಎಂದಳು. ನನಗೆ ಅಲ್ಲೇ ಸಂಶಯ ಹುಟ್ಟಿತು. ನಮ್ಮಲ್ಲಿ ಕೂವೆ ಗಡ್ಡೆಯನ್ನು ಅರೆದು, ನೀರಿನಲ್ಲಿ ಕದಡಿ, ಪಂಚೆಯಲ್ಲಿ ಸೋಸಿ, ತಳಕ್ಕೆ ಇಳಿದ ಹಿಟ್ಟನ್ನು ಒಣಗಿಸುತ್ತಾರೆ. ಒಣಗಿದ ಮೇಲೆ ಜರಡಿ ಹಿಡಿದವರನ್ನು ನಾನು ಕಂಡಿಲ್ಲ. ಯಾರು ಹೇಳಿಕೊಟ್ಟದ್ದು, ಗಂಡ ಎಲ್ಲಿ, ಒಬ್ಬಳೇ ಎಂತಕ್ಕೆ ಇದ್ದೀಯ ಎಂದೆಲ್ಲ ಕೇಳಿದೆ. ಅವಳು ಸಿಟ್ಟಾಗಿ, ಅಮ್ಮಾ, ಜರಡಿ ತಗೊಳ್ಳೋಕೆ ಬಂದಿದ್ದೀನಿ, ಸಂಬಂಧ ಮಾತಾಡೋಕಲ್ಲ ಎಂದಳು. ಗಂಟು ಇದ್ದರೆ ಶೃಂಗೇರಿಯ ಅಂಗಡಿಯವರು ಪುಡಿ ವಾಪಸ್ ಕಳಿಸುತ್ತಾರೆ, ಅದಕ್ಕೇ ಬೇಕು ಎಂದೂ ಹೇಳಿದಳು. ನಾನು ನಂಬಲಿಲ್ಲ. ಆದರೂ ಅದೇ ಸ್ಕ್ರೀನ್ ಬಟ್ಟೆಯಲ್ಲಿ, ಅದೇ ಅಳತೆಯಲ್ಲಿ ಒಂದು ಜರಡಿ ಕಟ್ಟಿಕೊಟ್ಟೆ.

ದಿನಾಂಕ 20-02-2007ರಂದು ಸಂಜೆ 4-00 ಗಂಟೆಗೆ ಪೊಲೀಸಿನವರೊಬ್ಬರು ಅಂಗಡಿಗೆ ಬಂದು, ಶೃಂಗೇರಿ ಕಡೆ ಗಾಂಜಾವನ್ನು ಒಣಗಿಸಿ ಸಣ್ಣ ಕಣ್ಣಿನ ಬಟ್ಟೆಯಲ್ಲಿ ಜಾಡಿಸಿ, ಇಳಿದ ಪುಡಿಯನ್ನು ಉಂಡೆ ಮಾಡಿ ಮಾರುತ್ತಿದ್ದಾರೆ, ಅಂಥ ಬಟ್ಟೆ ಕೊಂಡವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರು. ಅವರ ಮಾತು ಮುಗಿಯುವ ಮೊದಲೇ ನಾನು ವನಮಾಲಾಳ ಹೆಸರು ಹೇಳಿದೆ. ಪ್ರದೀಪನ ಹೆಸರು ನನ್ನ ಬಾಯಿಗೆ ಬರಲೇ ಇಲ್ಲ. ಮುಚ್ಚಿಟ್ಟದ್ದಲ್ಲ, ನಿಜವಾಗಿಯೂ ನೆನಪಾಗಲಿಲ್ಲ. ಅವರು ಹೋದ ಮೇಲೆ, ನನ್ನ ಕಣ್ಣು ತಪ್ಪಿಸಲು ಯಾರಿಂದ ಆಗುತ್ತದೆ ಎಂದು ಹೆಮ್ಮೆಪಟ್ಟುಕೊಂಡು ಕಾಫಿ ಮಾಡಿಕೊಂಡು ಕುಡಿದೆ.

ದಿನಾಂಕ 27-02-2007ರಂದು ಬೆಳಿಗ್ಗೆ 11-00 ಗಂಟೆಗೆ ನನ್ನನ್ನು ಠಾಣೆಗೆ ಕರೆಸಿದರು. ನೆಮ್ಮಾರಿನಲ್ಲಿ ಕಾಫಿ ಹಣ್ಣು ಸುಲಿಯುತ್ತಿದ್ದ, ಈಗ ಪಾಳುಬಿದ್ದ ಒಂದು ಪಲ್ಪರ್ ಶೆಡ್ಡಿನಲ್ಲಿ ಗಾಂಜಾ ಮತ್ತು ಮೂರು ಜರಡಿಗಳು ಸಿಕ್ಕಿವೆ, ಅಲ್ಲಿಂದ 150 ಮೀಟರ್ ದೂರದ ವನಮಾಲಾಳ ಮನೆಯಲ್ಲಿ ಒಂದು ಜರಡಿ ಮತ್ತು ಹನ್ನೊಂದು ಪೊಟ್ಟಣ ಬಿಳಿ ಪುಡಿ ಸಿಕ್ಕಿವೆ ಎಂದು ತಿಳಿಸಿದರು. ವನಮಾಲಾ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಅದು ಕೂವೆಪುಡಿ ಸಾರ್, ನೀರಿಗೆ ಹಾಕಿ ಕುದಿಸಿ ನೋಡಿ, ಗಂಜಿ ಆಗುತ್ತೆ ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ನನ್ನನ್ನು ನೋಡಿ, ಯಾತಕ್ಕೆ ಅಂತ ನಿಮಗೆ ಹೇಳೇ ತಗೊಂಡಿದ್ನಲ್ಲಮ್ಮ ಎಂದಳು.

ನಾಲ್ಕು ಜರಡಿಗಳನ್ನೂ ಮೇಜಿನ ಮೇಲೆ ಇಟ್ಟಿದ್ದರು. ಇವು ನೀನು ಕಟ್ಟಿದವೇ ಎಂದು ಕೇಳಿದರು. ದೂರದಿಂದಲೇ ನೋಡಿ, ನಾಲ್ಕೂ ನಾನೇ ಕಟ್ಟಿದ್ದು, ವನಮಾಲಾ ನನ್ನಲ್ಲಿ ಜರಡಿ ಕೊಂಡದ್ದು ನಿಜ ಎಂದೆ. ಹಾಗೆಯೇ ಬರೆದುಕೊಂಡರು. ನಾಲ್ಕನ್ನೂ ಅವಳಿಗೇ ಕೊಟ್ಟೆಯಾ ಎಂದು ಯಾರೂ ಕೇಳಲಿಲ್ಲ. ಸಹಿಗೆ ಕಾಗದ ನನ್ನ ಮುಂದೆ ಇಟ್ಟರು. ಆಗ ಜರಡಿಗಳನ್ನು ಬಟ್ಟೆಯಲ್ಲಿ ಸುತ್ತಲು ಒಂದನ್ನು ಮಗುಚಿದರು. ಒಳಮೂಲೆಯಲ್ಲಿ ಕೆಂಪು ನೂಲು ಇತ್ತು. ಎರಡನೆಯದರಲ್ಲೂ ಇತ್ತು. ಮೂರನೆಯದರಲ್ಲೂ ಇತ್ತು. ನಾಲ್ಕನೆಯದರಲ್ಲಿ ಇರಲಿಲ್ಲ. ಪೆನ್ನು ನನ್ನ ಕೈಯಲ್ಲಿತ್ತು. ನನ್ನಿಂದ ಎರಡು ಅಡಿ ದೂರದಲ್ಲಿ ಅವಳು ಇದ್ದಳು. ನಾನು ಸಹಿ ಹಾಕಿ ಮನೆಗೆ ಹೋದೆ. ಇದು ನಾನು ಮಾಡಿದ ತಪ್ಪು. ಮರುದಿನ ಅವಳನ್ನು ಕೋರ್ಟಿಗೆ ಹಾಜರುಪಡಿಸಿ ಜೈಲಿಗೆ ಕಳಿಸಿದ್ದು ತಿಳಿಯಿತು.

ದಿನಾಂಕ 01-03-2007ರಂದು ಬೆಳಿಗ್ಗೆ 7-40ರ ಬಸ್ಸಿನಲ್ಲಿ ಹೊರಟು ಮುತ್ತಿನಕೊಪ್ಪಕ್ಕೆ ಹೋದೆ. ಪ್ರದೀಪ ಜಗಲಿಯಲ್ಲಿ ಕೂತು ಗಡ್ಡ ಬೋಳಿಸಿಕೊಳ್ಳುತ್ತಿದ್ದನು. ನಾನು ಕೊಟ್ಟ ಜರಡಿ ಮೂರೂ ತೋರಿಸು ಎಂದೆ. ನೆಮ್ಮಾರಿನಲ್ಲಿ ಇವೆ ಎಂದನು. ನೆಮ್ಮಾರಿನಲ್ಲಿ ಎಲ್ಲಿ ಎಂದು ಕೇಳಿದೆ. ಕ್ಷೌರದ ಕತ್ತಿಯನ್ನು ನೀರಿನಲ್ಲಿ ಅದ್ದಿ ಅದ್ದಿ ತೊಳೆದನು. ನೂಲು ನೋಡಿದ್ದೇನೆ ಎಂದೆ. ಆಗ ಅವನು, ಎಂತ ಅಕ್ಕ, ಆ ಹೆಂಗ್ಸು ನಿಂಗೆ ಎಂತ ಆಗ್ಬೇಕು, ಎಲ್ಲಿಂದಲೋ ಬಂದೋಳು, ನೀನು ಸುಮ್ನೆ ಬಾಯಿ ಮುಚ್ಕಂಡಿದ್ರೆ ಸಾಕು ಮಾರಾಯ್ತಿ, ನೂಲಿಗೆಂತ ನಾಲಿಗೆ ಉಂಟಾ ಎಂದನು. ಅವನ ಹೆಂಡತಿ ಅರ್ಪಣಾ ಒಳಗಿನಿಂದ ಬಂದು, ಅತ್ತಿಗೆ ಬನ್ನಿ, ಕಡುಬು ಮಾಡಿದ್ದೇನೆ ಎಂದು ಕರೆದಳು. ಅವಳಿಗೆ ಏನೂ ಗೊತ್ತಿರಲಿಲ್ಲ ಎಂದು ನನಗೆ ಅನ್ನಿಸಿತು. ಎಲೆ ಹಾಕಿದ್ದಳು. ನಾನು ಕೂರಲಿಲ್ಲ. ಸಾಕಿದ ಮೂವತ್ತೇಳು ವರ್ಷದಲ್ಲಿ ಅವನ ಮನೆಯಿಂದ ಉಣ್ಣದೆ ಬಂದದ್ದು ಅದೇ ಮೊದಲು. ಬಸ್ಸಿನಲ್ಲಿ ನರಸಿಂಹರಾಜಪುರದವರೆಗೂ ಅತ್ತೆ. ಪಕ್ಕದಲ್ಲಿ ಕೂತವರು ತಲೆನೋವಾ ಎಂದು ಕೇಳಿದರು, ಹೌದು ಎಂದೆ.

ಈ ದಿನ ಬೆಳಿಗ್ಗೆ 9-10 ಗಂಟೆಗೆ ಠಾಣೆಗೆ ಬಂದು, ಸೀಲ್ ಮಾಡಿದ ಜರಡಿಗಳ ಒಳಮೂಲೆಯನ್ನು ಪರೀಕ್ಷಿಸಬೇಕೆಂದು ಕೇಳಿಕೊಂಡಿರುತ್ತೇನೆ. ಶೆಡ್ಡಿನಲ್ಲಿ ಸಿಕ್ಕ ಮೂರು ಜರಡಿಗಳು ನಾನು ನನ್ನ ತಮ್ಮ ಪ್ರದೀಪನಿಗೆ ಕೊಟ್ಟವು. ನೂಲಿಲ್ಲದ ಒಂದು ಮಾತ್ರ ವನಮಾಲಾಳದು. ಕೂವೆಪುಡಿಯನ್ನು ಒಣಗಿದ ಮೇಲೆ ಜರಡಿ ಹಿಡಿಯುವುದಿಲ್ಲ ಎಂದು ಮೇಲೆ ನಾನು ಹೇಳಿದ್ದು ನನಗೆ ತಿಳಿದಷ್ಟನ್ನು ಮಾತ್ರ. ಹಿಡಿಯುವವರೂ ಇದ್ದಾರೆ ಎಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ನನ್ನ ಮಾತಿನಿಂದ ಒಳಗೆ ಹೋದವಳನ್ನು ಈ ಮಾತಿನಿಂದ ಹೊರಗೆ ತರಬೇಕಾಗಿ ಕೋರುತ್ತೇನೆ.

ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ, ಇನ್ನೊಂದು ಸಲ ಯೋಚನೆ ಮಾಡಮ್ಮ, ಒಡಹುಟ್ಟಿದವನು, ನಾಳೆಯಿಂದ ನಿಮ್ಮಿಬ್ಬರ ನಡುವೆ ಏನು ಉಳಿಯುತ್ತದೆ ಎಂದು ಕೇಳಿದರು. ಜಗಳ ಬಾರದಿರಲಿ ಎಂದು ಮೂರಕ್ಕೂ ನೂಲು ಕಟ್ಟಿದ್ದೆ, ಅದಕ್ಕಿಂತ ಹೆಚ್ಚು ನನ್ನಿಂದ ಆಗುವುದಿಲ್ಲ, ಬರೆದುಕೊಳ್ಳಿ ಎಂದೆ.

ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಈ ಸಲ ಏನನ್ನೂ ಬಿಟ್ಟಿಲ್ಲ.

ಸ್ಥಳ: ಕೊಪ್ಪ
ದಿನಾಂಕ: 02-03-2007

(ಸಹಿ) ಶಂಕರಮ್ಮ