ಮಂತ್ರಿಯ ತಲೆ ಮೇಲೆ ನೀರು

ಒಂದಾನೊಂದು ಕಾಲದಲ್ಲಿ, ಒಂದು ಹಾಸ್ಯದ ಸಿನಿಮಾದಲ್ಲಿ, ಭಾಷಣ ಬಿಗಿಯುತ್ತಿದ್ದ ಮಂತ್ರಿಯ ತಲೆ ಮೇಲೆ ಒಬ್ಬ ಹುಡುಗಿ ನೆಲ ಒರೆಸಿದ ನೀರು ಸುರಿದಳಂತೆ. ಆ ಹುಡುಗಿ ಈಗ ಅಜ್ಜಿಯಾಗಿ, ಹಳೇ ವಿಡಿಯೋ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಡುವ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದರು.

“ಇವತ್ತು ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆಯಲ್ಲಪ್ಪಾ, ಆಯ್ತಾ?”

“ಆಯ್ತಜ್ಜಿ. ಆ ನೀರು ಸುರಿಯೋ ಸೀನ್ ಮಾತ್ರ ಬಿಟ್ಟಿದ್ದೀನಿ. ಟಿವೀಲೂ ಅದನ್ನ ಕತ್ತರಿಸೇ ಹಾಕ್ತಾರೆ.”

“ಅದಕ್ಕೇ ತಾನೇ ಕ್ಯಾಸೆಟ್ಟು ಜೋಪಾನ ಮಾಡಿರೋದು? ಇದ್ರಲ್ಲಿ ಪೂರ್ತಿ ಇದೆ.”

“ಅವ್ರು ತೆಗೆದಿದ್ದಾರೆ ಅಂದ್ಮೇಲೆ ಅದ್ರಲ್ಲಿ ಏನೋ ಇರ್ಬೇಕಲ್ವಾ?”

“ಇದೆ. ನಾನಿದ್ದೀನಿ.”

“ಅಯ್ಯೋ, ಆ ಹುಡುಗಿ ನೀವಾ?”

“ಇಡೀ ಸಿನಿಮಾದಲ್ಲಿ ನಾನಿರೋದು ಅದೊಂದೇ ಕಡೆ. ಟಿವಿ ನೋಡಿ ಮೊಮ್ಮಕ್ಕಳು, ಅಜ್ಜಿ ಬುರುಡೆ ಬಿಡ್ತಾಳೆ ಅಂತ ನಗ್ತಾವೆ.”

“ಯಾರಾದ್ರೂ ತಕರಾರು ತೆಗೆದ್ರೆ ನನ್ನ ಗತಿ?”

“ಕ್ಯಾಸೆಟ್ಟು ನಂದು, ಮನೆ ನಂದು, ನೋಡೋ ಮಕ್ಕಳೂ ನಮ್ಮವೇ. ಯಾವ ಮಂತ್ರಿ ನಮ್ಮನೆಗೆ ಬಂದು ಕೂತು ಅಳ್ತಾನೆ? ಬಂದ್ರೆ ಬರ್ಲಿ, ಬಕೆಟ್ ಇನ್ನೂ ಇದೆ!”

ಅಂಗಡಿಯವನು ನಕ್ಕು, ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಪರದೆಯ ಮೇಲೆ ಎರಡು ಜಡೆಯ ಹುಡುಗಿ ಬಕೆಟ್ ಎತ್ತಿದಳು. ಮಂತ್ರಿ ತೊಯ್ದು ತೊಪ್ಪೆಯಾದರೂ ಭಾಷಣ ನಿಲ್ಲಿಸಲಿಲ್ಲ. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಅಜ್ಜಿ ಮಾತ್ರ ನಗಲಿಲ್ಲ, ಕಣ್ಣು ಮಿಟುಕಿಸದೆ ನೋಡಿದರು.

“ಪೂರ್ತಿ ಬಂತಾ?”

“ಒಂದು ತೊಟ್ಟೂ ಬಿಟ್ಟಿಲ್ಲ, ಅಜ್ಜಿ.”

ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅವರು ಮೆಟ್ಟಿಲಿಳಿದರು.